ಎಣ್ಣೆ ಸೋಕದ ಪಿಸಾಂಗ್ ಗೋರೆಂಗ್

ಹನ್ನೊಂದನೆಯ ದಿನ ತಾರಸಿಯ ಮೇಲೆ ಎಡೆ ಇಟ್ಟು ಎಲ್ಲರೂ ಕಾಗೆಗೆ ಕಾದರು. ಸತ್ತವರಿಗೆ ಇಷ್ಟವಾದದ್ದೆಲ್ಲ ಎಲೆಯ ಮೇಲಿತ್ತು. ಪಿಸಾಂಗ್ ಗೋರೆಂಗ್ ಮಾತ್ರ ಎರಡು ಬಗೆಯದಿತ್ತು. ಮಲೇಷ್ಯಾದ ಪೆನಾಂಗಿನಲ್ಲಿ ಇಪ್ಪತ್ತು ವರ್ಷ ದುಡಿದಿದ್ದ ಅವರು ಅಲ್ಲಿನ ಬೀದಿಬದಿಯ ಈ ಬಾಳೆಹಣ್ಣಿನ ಬೋಂಡಕ್ಕೆ ಮನಸೋತು ಬಂದಿದ್ದರು. ಸಕ್ಕರೆ ಕಾಯಿಲೆ ಬಂದಮೇಲೆ ಹೆಂಡತಿ ಅದನ್ನು ರಾಗಿಹಿಟ್ಟಿನಲ್ಲಿ ಅದ್ದಿ, ಎಣ್ಣೆ ಸೋಕಿಸದೆ ಓವನ್ನಿನಲ್ಲಿ ಬೇಯಿಸಿಕೊಟ್ಟಳು. ಆರು ವರ್ಷ ತಟ್ಟೆ ಖಾಲಿಯಾಗಿ ಬಂದಿತ್ತು. ಚೆನ್ನಾಗಿತ್ತೆಂಬ ಮಾತು ಬಂದಿರಲಿಲ್ಲ.

"ಇವತ್ತೂ ಆ ರಾಗೀದು ಯಾಕೆ ಅತ್ತಿಗೆ? ಇನ್ನು ಅಣ್ಣನಿಗೆ ಎಲ್ಲಿಯ ಶುಗರ್ರು?" ಎಂದು ಮೈದುನ ಬೆಳಿಗ್ಗೆಯೇ ಅಡುಗೆಯವರಿಂದ ಎಣ್ಣೆಯಲ್ಲೂ ಕರಿಸಿದ್ದ.

"ಎರಡೂ ಇರ್ಲಿ. ಯಾವುದು ಬೇಕೋ ಅವರೇ ತಗೊಳ್ಲಿ," ಎಂದಿದ್ದಳು.

ಹನ್ನೊಂದು ದಿನದಿಂದ ಅವಳು ಅತ್ತಿರಲಿಲ್ಲ. ಅಷ್ಟು ವರ್ಷ ಬಾಯಿ ಕಟ್ಟಿಸಿದ್ದಕ್ಕೆ ಅವರು ಮುನಿಸಿಕೊಂಡೇ ಹೋದರೋ ಏನೋ, ಅದೊಂದು ಗೊತ್ತಾದರೆ ಸಾಕಿತ್ತು.

ಕಾಗೆ ಬಂತು. ವಡೆ ದಾಟಿತು, ಪಾಯಸ ದಾಟಿತು, ಹೊಂಬಣ್ಣಕ್ಕೆ ಕರಿದದ್ದನ್ನು ಕಣ್ಣೆತ್ತಿಯೂ ನೋಡದೆ ರಾಗಿಯದನ್ನೇ ಕಚ್ಚಿತು.

"ನೋಡಿದ್ರಾ! ಅಣ್ಣನಿಗೆ ನಿಮ್ಮ ಕೈದೇ ಬೇಕಾಗಿತ್ತು," ಎಂದು ಮೈದುನ ಕಣ್ಣೊರೆಸಿಕೊಂಡ. ಅವಳೂ ಮೊದಲ ಸಲ ಸೆರಗನ್ನು ಕಣ್ಣಿಗೊತ್ತಿಕೊಂಡಳು.

ಮಹಡಿಯ ಬಾಡಿಗೆ ಮನೆಯ ಹೆಂಗಸೂ ಕೈಮುಗಿದು ನಿಂತಿದ್ದಳು.

"ಈ ಕಾಗೆಗೆ ಅದು ಅಭ್ಯಾಸ ಆಗ್ಬಿಟ್ಟಿದೆ ಕಣ್ರೀ," ಎಂದಳು. "ದಿನಾ ನಾಲ್ಕು ಗಂಟೆಗೆ ನಿಮ್ಮ ಯಜಮಾನ್ರು ತಟ್ಟೆ ಹಿಡ್ಕೊಂಡು ಇಲ್ಲಿಗೆ ಬಂದು, ಪೂರ್ತಿ ಇದಕ್ಕೇ ಹಾಕ್ತಿದ್ರಲ್ಲ."