ಬೋರ್ಡಿನ ಕೊನೆಯ ಸಾಲು

ಬೋರ್ಡಿನ ಮೇಲೆ ನೀಲಿ ಬಣ್ಣ ಇನ್ನೂ ಹಸಿಯಾಗಿತ್ತು. 'ಮನೆ ಬಾಡಿಗೆಗಿದೆ' ಎಂಬುದರ ಕೆಳಗೆ ಬ್ರೋಕರ್ ಅಶ್ವಥ್ ಯಾರನ್ನೂ ಕೇಳದೆ ಇನ್ನೊಂದು ಸಾಲು ಬರೆಸಿದ್ದ: 'ಸಸ್ಯಾಹಾರಿಗಳಿಗೆ ಮಾತ್ರ.'

"ಇದ್ಯಾಕಪ್ಪಾ?" ಎಂದಳು ಕೃಷ್ಣಮ್ಮ. ಕೂಟಗಲ್ಲಿನಲ್ಲಿ ಇಪ್ಪತ್ತು ವರ್ಷ ಕುರಿ ಸಾಕಿ, ಅದೇ ದುಡ್ಡಿನಲ್ಲಿ ರಾಮನಗರದಲ್ಲಿ ಕಟ್ಟಿಸಿದ ಮನೆ ಅದು.

"ಒಳ್ಳೇ ಜನ ಬತ್ತಾರೆ ಕಣಕ್ಕಾ. ಬಾಡು ಬೇಯ್ಸೋರು ಬಂದ್ರೆ ಮನೆಯೆಲ್ಲಾ ಗಲೀಜಾಯ್ತದೆ."

ಕೃಷ್ಣಮ್ಮ ಬೋರ್ಡು ಕಿತ್ತುಕೊಂಡು ಆ ಸಾಲನ್ನು ಅಂಗೈಯಿಂದಲೇ ಉಜ್ಜಿ ಹಾಕಿದಳು. ಮೊಣಕೈವರೆಗೂ ನೀಲಿ ಮೆತ್ತಿಕೊಂಡಿತು.

"ಗೃಹಪ್ರವೇಶದ ಮಾರ್ನೇ ದಿನ ಬಾಡೂಟಕ್ಕೆ ಬಂದು, ಇದೇ ಹಾಲ್‌ನಲ್ಲಿ ಕೂತ್ಕಂಡು ಮೂರು ಸಲ ಹಾಕುಸ್ಕಂಡು ಉಂಡೋನು ನೀನೇ ಅಲ್ವೇನ್ಲಾ? ಆವತ್ತು ಕಾಣ್ದೇ ಇದ್ದ ಗಲೀಜು ಇವತ್ತೆಲ್ಲಿಂದ ಬಂತ್ಲಾ?"