ಗೋಡೆಯ ಬದಿ

ಕುರಿಯುಣ್ಣೆಯ ವಾಸನೆ. ಥಂಡಿ ತಡೆಯಲು ಮನೆಯ ಗೋಡೆಗೆ ಹೊದಿಸುವ ಉಣ್ಣೆಯ ದಪ್ಪ ಸುರುಳಿಗಳನ್ನು ಕೆಲಸದವನು ಹಜಾರದಲ್ಲಿ ಇಳಿಸಿದ್ದೇ ತಡ, ತಂಗಿಯ ಮೂಗಿಗೆ ಬಾಲ್ಯವೇ ಬಂದು ಬಡಿಯಿತು. ಹಿಮ ಬೀಳುವ ದಿನಗಳು, ಒಲೆಯ ಮುಂದೆ ಒಣಗುವ ಸ್ವೆಟರುಗಳು, ಒಂದೇ ಕಂಬಳಿಯೊಳಗೆ ಅವಳೂ ಅಕ್ಕನೂ. "ಪುಟ್ಟಿ, ನೀನು ಈ ಕಡೆ ಬಾ. ಗೋಡೆ ಬದಿ ನಾನು ಮಲಗ್ತೀನಿ" ಎನ್ನುತ್ತಿದ್ದಳು ಅಕ್ಕ. ಥಂಡಿಯೆಲ್ಲ ಅವಳ ಬೆನ್ನಿಗೆ, ಬೆಚ್ಚನೆಯ ನಿದ್ದೆ ತಂಗಿಗೆ.

ಅದೇ ಮನೆ ಈಗ ಎರಡು ಪಾಲಾಗಿ ನಡುವೆ ಗೋಡೆ ಎದ್ದಿದೆ. ಆಚೆ ಅಕ್ಕ, ಈಚೆ ತಂಗಿ. ಅಪ್ಪನ ಹಳೆಯ ಕಪಾಟು ಯಾರಿಗೆ ಸೇರಬೇಕೆಂಬ ಜಗಳದಲ್ಲಿ ಬೇಸಿಗೆಯಿಂದಲೂ ಮಾತಿಲ್ಲ.

"ಮೊದಲು ಇದಕ್ಕೆ ಹೊದಿಸಪ್ಪ" ಎಂದು ತಂಗಿ ನಡುಗೋಡೆಯನ್ನೇ ತೋರಿಸಿದಳು.

ಕೆಲಸದವನು ತಲೆ ಕೆರೆದುಕೊಂಡ. "ಅಮ್ಮಾ, ಬಿಸಿ ಸೋರೋದು ಹೊರಗೋಡೆಯಿಂದ, ಛಾವಣಿಯಿಂದ. ಎರಡೂ ಕಡೆ ಒಲೆ ಉರಿಯೋವಾಗ ಮಧ್ಯದ ಗೋಡೆಗೆ ಯಾರಾದ್ರೂ ಉಣ್ಣೆ ಹೊದಿಸ್ತಾರಾ?"

"ಬಿಸಿಗಲ್ಲಪ್ಪ, ನನ್ನ ಕಿವಿಗೆ. ಅವಳ ರೇಡಿಯೋ, ಕೆಮ್ಮು, ಗೊಣಗಾಟ, ಒಂದೂ ನನಗೆ ಕೇಳಿಸಬಾರದು."

"ಇದನ್ನ ನನ್ನ ಹೆಂಡತಿಗೆ ಮಾತ್ರ ಹೇಳ್ಬೇಡಿ. ನನ್ನನ್ನೇ ಉಣ್ಣೇಲಿ ಸುತ್ತಿ ಮೂಲೇಲಿ ನಿಲ್ಲಿಸ್ತಾಳೆ!" ನಗುತ್ತಾ ಅಳತೆಗೆಂದು ಗೋಡೆಗೆ ಅಂಗೈ ಊರಿದವನು ತಟ್ಟನೆ ಕೈ ತೆಗೆದ. "ಇದೇನಮ್ಮಾ, ಹೊರಗೋಡೆ ಥರಾನೇ ಕೊರೀತಿದೆ! ಆ ಕಡೆ ಯಾರೂ ಇಲ್ವಾ?"

"ಇಲ್ದೆ ಏನು? ಬೆಳಿಗ್ಗೆ ಕೆಮ್ಮಿದಳಲ್ಲ, ನನಗೆ ಕೇಳಿಸಲಿ ಅಂತಲೇ."

"ಹಾಗಾದ್ರೆ ಒಲೆ ಹಚ್ಚಿಲ್ಲ. ನಿಮ್ಮ ಮನೆ ಬಿಸಿನೆಲ್ಲಾ ಆ ಕಡೆಯ ಥಂಡಿ ಎಳ್ಕೋತಿದೆ. ಮುಚ್ಚಿಬಿಟ್ರೆ ನಿಮಗೇನೋ ಒಳ್ಳೇದೇ."

ತಂಗಿ ತಾನೂ ಅಂಗೈ ಇಟ್ಟು ನೋಡಿದಳು. ಮರುಗಳಿಗೆಯಲ್ಲಿ ಶಾಲನ್ನೂ ಹೊದೆಯದೆ, ಚಪ್ಪಲಿ ಎಳೆದುಕೊಂಡು ಹೊರಗೆ ನಡೆದಿದ್ದಳು.

ಅಕ್ಕನ ಕೋಣೆಯಲ್ಲಿ ಬಿಟ್ಟ ಉಸಿರು ಕಣ್ಣಿಗೆ ಕಾಣುತ್ತಿತ್ತು. ಕಟ್ಟಿಗೆ ಒಲೆ ತಣ್ಣಗೆ ಕೂತಿತ್ತು. ಕಿಟಕಿಯಡಿ ಇರುತ್ತಿದ್ದ ಮಂಚ ಈಗ ನಡುಗೋಡೆಗೆ ಅಂಟಿಕೊಂಡಿತ್ತು. ಕೋಟು ತೊಟ್ಟ ಅಕ್ಕ ಅದರ ಮೇಲೆ, ಗೋಡೆಗೆ ಬೆನ್ನೊತ್ತಿ ಕೂತು ಹೆಣೆಯುತ್ತಿದ್ದಳು.

"ಒಲೆ ಯಾಕೆ ಹಚ್ಚಿಲ್ಲ?"

"ಹೊಗೆಕೊಳವೆ ಬಿರುಕು ಬಿಟ್ಟಿದೆ. ರಿಪೇರಿಗೆ ನಿನ್ನ ಅಟ್ಟ ಹತ್ತಿಯೇ ಹೋಗ್ಬೇಕು."

"ಕೇಳೋಕೆ ಬಾಯಿ ಇರಲಿಲ್ವಾ?"

"ಇತ್ತು. ಅದರಲ್ಲಿ ಕಪಾಟು ಸಿಕ್ಕಿಹಾಕ್ಕೊಂಡಿತ್ತು."

ನಗಬೇಕೋ ಅಳಬೇಕೋ ತಂಗಿಗೆ ತಿಳಿಯಲಿಲ್ಲ. ಅಕ್ಕ ಕೈ ಹಿಂದೆ ಮಾಡಿ ಗೋಡೆಯನ್ನು ಮೆಲ್ಲಗೆ ತಟ್ಟಿದಳು. "ಇಲ್ಲಿ ಚೆನ್ನಾಗೇ ಇದೆ ಕಣೆ. ಸಂಜೆ ನೀನು ಒಲೆಗೆ ಕಟ್ಟಿಗೆ ತುಂಬಿದ್ರೆ ಸ್ವಲ್ಪ ಹೊತ್ತಲ್ಲೇ ನನ್ನ ಬೆನ್ನಿಗೆ ಗೊತ್ತಾಗುತ್ತೆ. ಸದ್ಯ, ಪುಟ್ಟಿ ಎದ್ದು ಓಡಾಡ್ಕೊಂಡಿದ್ದಾಳೆ ಅಂದ್ಕೋತೀನಿ."

ತಂಗಿ ಮಂಚದ ಮೇಲೆ ಬಾಗಿದಳು. ಮುಷ್ಟಿ ಬಿಗಿದು ಗೋಡೆಗೆ ಗುದ್ದಿದಳು. "ಏನಪ್ಪಾ, ಕೇಳಿಸ್ತಾ? ಆ ಗೋಡೆ ಮುಟ್ಟಬೇಡ! ಉಣ್ಣೆಯೆಲ್ಲ ಈ ಕಡೆ ತಾ. ಅಕ್ಕನ ಹೊರಗೋಡೆಗೆ ಹೊದಿಸು. ಕೊಳವೆಯವನಿಗೂ ಹೇಳಿಕಳಿಸು, ನನ್ನ ಅಟ್ಟ ತೆಗೆದೇ ಇರುತ್ತೆ!"

"ಚೆನ್ನಾಗಿ ಕೇಳಿಸ್ತು, ಅಮ್ಮಾ!" ಎಂದಿತು ಗೋಡೆ.

"ಮತ್ತೆ ನಿನ್ನ ಮನೆಗೆ?" ಅಕ್ಕ ಕೇಳಿದಳು.

"ಉಳಿದ್ರೆ ನೋಡೋಣ. ನೀನು ಸುಮ್ನೆ ಆ ಕಡೆ ಸರಿ." ಕಿಟಕಿಯ ಗಾಳಿ ಬಡಿಯುವ ಅಂಚಿನಲ್ಲಿ ತಂಗಿ ಕೂತಳು. ಈ ಸಲ ಥಂಡಿಯ ಬದಿ ಅವಳದು.

ಅಕ್ಕ ಹೆಣಿಗೆ ಬದಿಗಿಟ್ಟಳು. ಎದ್ದು ಮೂಲೆಯಿಂದ ಒಂದು ಗಂಟು ತಂದಳು. ಚಿಕ್ಕಂದಿನಲ್ಲಿ ಇಬ್ಬರೂ ಹೊದೆಯುತ್ತಿದ್ದ ಅದೇ ಹಳೆಯ ಕಂಬಳಿ, ಒಲೆಯ ಕಿಡಿ ಹಾರಿ ತೂತಾದದ್ದು. ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿದಾಗ ನಡುವೆ ಪಾತ್ರೆ. ಬೆಳಿಗ್ಗೆ ಪುಟ್ಟ ಗ್ಯಾಸಿನ ಮೇಲೆ ಬೇಯಿಸಿ, ಬಿಸಿ ಆರದಿರಲೆಂದು ಸುತ್ತಿಟ್ಟ ಅಡುಗೆ. ಮುಚ್ಚಳ ತೆಗೆದೊಡನೆ ಹಬೆ ಎದ್ದು ಅವಳ ಕನ್ನಡಕ ಮಂಜಾಯಿತು. ಒರೆಸಿಕೊಳ್ಳಲೂ ನಿಲ್ಲದೆ, ಇದ್ದ ಒಂದೇ ತಟ್ಟೆಗೆ ಬಡಿಸಿ, ತಂಗಿಯ ತಣ್ಣನೆಯ ಕೈಗಳಲ್ಲಿ ಇಟ್ಟಳು.