ನಳದ ಕೆಳಗಿನ ತಂಬಿಗೆ

"ಪೈಪಿನ ತುದಿಗೆ ನೂಲನ್ನು ಯಾವ ಕಡೆಗೆ ಸುತ್ತಬೇಕು?" ಹೆಂಡತಿ ಭಾಗಮ್ಮ ಪುಸ್ತಕ ನೋಡಿ ಓದಿದಳು.

ದೌಲಪ್ಪ ಮೂಗು ಮುರಿದ. ನಾಳೆ ಕಲಬುರಗಿಯಲ್ಲಿ ಪ್ಲಂಬರ್ ಲೈಸನ್ಸಿನ ಪರೀಕ್ಷೆ. ಕಮಲಾಪುರದ ಅರ್ಧ ಮನೆಗಳಿಗೆ ನಳ ಕೂಡಿಸಿದವನಿಗೆ ಅದೊಂದು ಪರೀಕ್ಷೆಯೇ? "ಆಫೀಸಿನಾಗ ಫ್ಯಾನಿನ ಕೆಳಗ ಕುಂತು ಬರದಾರ ಈ ಬುಕ್ಕ. ಪೈಪ್ ತಿರುವೋ ಪಾನಾ ಹಿಡಿಯಾಕ ಬರಂಗಿಲ್ಲ, ನನಗ ಸವಾಲ್ ಕೇಳ್ತಾರ. ಯಾವ ಕಡಿ ಸುತ್ತಿದ್ರ ನೀರಿಗೇನು ಗೊತ್ತಾಗ್ತದ?" ಎಡಚನಾದ ಅವನು ತುಂಡು ಪೈಪೊಂದಕ್ಕೆ ಎಡಗೈಯಿಂದ ಸರಸರನೆ ನೂಲು ಸುತ್ತಿ, ಪೈಪಿನ ತಿರುವಿಗೆ ಹಾಕುವ ಬೆಂಡ್ ಕೂಡಿಸಿ ತಿರುವಿದ. ತಿರುವಿದಷ್ಟೂ ನೂಲು ಬಿಚ್ಚಿಕೊಂಡು ಹೊರಗೆ ಜೋತುಬಿತ್ತು.

ಭಾಗಮ್ಮ ಉತ್ತರ ಓದಿದಳು: "ಗಡಿಯಾರದ ಮುಳ್ಳು ತಿರುಗುವ ಕಡೆಗೆ. ಉಲ್ಟಾ ಸುತ್ತಿದರೆ ಬಿಚ್ಚಿಕೊಂಡು ನೀರು ಸೋರುತ್ತದೆ."

"ನೂಲು ಹಳೀದದ," ಎಂದ ದೌಲಪ್ಪ.

ಅವಳು ಎದ್ದು ಬಚ್ಚಲಿಗೆ ಹೋದಳು. ಅವನೇ ಕೂಡಿಸಿದ ನಳದ ಕೆಳಗೆ ಸೋರುವ ನೀರಿಗೆಂದು ದಿನಾ ಇಡುವ ತಂಬಿಗೆಯನ್ನು ತಂದು ಅವನ ಮುಂದಿಟ್ಟಳು. ಅದು ತುಂಬಿ ತುಳುಕುತ್ತಿತ್ತು.

"ನಾ ಒಬ್ಬಾಕಿನೇ ಇಡ್ತೀನಂತ ತಿಳೀಬ್ಯಾಡ್ರಿ," ಎಂದಳು. "ನೀವು ನಳ ಕೂಡಿಸಿದ ಮನಿಗೊಂದು ಇಟ್ಟಾರ."